ಹುಳಿ ಬಿಯರಿಗೊಂದು ಬಬ್ಬೂರಿನ ನಾಲಿಗೆ

ಹುಳಿ ಬಂತೆಂದು ಚೆಲ್ಲುವ ಅಭ್ಯಾಸ ನಮ್ಮ ಹಿರಿಯೂರು ಸೀಮೆಯವರಿಗಿಲ್ಲ. ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿ ಬೆಳಗ್ಗೆ ಹುಳಿಯಾಗಿದ್ದರೆ ಅದಕ್ಕಿಷ್ಟು ಮಜ್ಜಿಗೆ ಬೆರೆಸಿ, ಈರುಳ್ಳಿ ಕಚ್ಚಿಕೊಂಡು ಕುಡಿದು ಹೊಲಕ್ಕೆ ಹೋದವರು ನಾವು. ಹುಳಿಯಾಗದಿದ್ದರೇ ಮನೆಯಲ್ಲಿ ಗೊಣಗಾಟ ಏಳುತ್ತಿತ್ತು. ಇಂಥ ನಾಲಿಗೆ ಹೊತ್ತು ಬೆಲ್ಜಿಯಂವರೆಗೆ ಹೋದರೂ ಅದಕ್ಕೆ ಅಲ್ಲೊಂದು ಕೆಲಸ ಸಿಗುತ್ತದೆ ಎಂದು ಮಾತ್ರ ನಾನು ಎಣಿಸಿರಲಿಲ್ಲ.

ಮಗಳು ಅಳಿಯ ಇರುವುದು ಲ್ಯೂವೆನ್ನಿನಲ್ಲಿ. ಆ ಊರಲ್ಲಿ ವಿಶ್ವವಿದ್ಯಾಲಯವಿದೆ, ಕಂಪ್ಯೂಟರ್ ಚಿಪ್‌ಗಳ ಸಂಶೋಧನಾ ಕೇಂದ್ರವಿದೆ, ಹಾಗಾಗಿ ಕನ್ನಡದವರೂ ಇದ್ದಾರೆ. ಜಗತ್ತಿನ ಅತಿದೊಡ್ಡ ಬಿಯರ್ ಕಂಪನಿಯ ಕೇಂದ್ರ ಕಚೇರಿಯೂ ಅಲ್ಲೇ. ಮಾವನನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಳಿಯ ಹೊರಡಿಸಿದಾಗ ನಾನು ಚಿತ್ರಪಟಗಳನ್ನು ನೋಡಲು ಸಿದ್ಧನಾಗಿ, ಇಸ್ತ್ರಿ ಶರ್ಟು ತೊಟ್ಟು ಹೊರಟೆ. ರೈಲಿಳಿದದ್ದು ಬ್ರಸೆಲ್ಸಿನ ಮಿಡಿ ನಿಲ್ದಾಣದಲ್ಲಿ. ಅಲ್ಲಿಂದ ನಡೆದು ಹೋದರೆ ಆಂಡರ್ಲೆಕ್ಟ್ ಎಂಬ ಬಡಾವಣೆ, ಅಲ್ಲೊಂದು ಹಳೇ ಗೋಡೌನಿನಂಥ ಕಟ್ಟಡ. ಅದೇ ಕಾಂಟಿಯೋನ್. 1900ರಲ್ಲಿ ಶುರುವಾದ ಬಿಯರ್ ಮನೆ. ಇವತ್ತಿಗೂ ಅದೇ ವಂಶದವರ ಕೈಯಲ್ಲಿದೆ. ಕೆಲಸ ನಡೆಯುವ ಜಾಗವೇ ಮ್ಯೂಸಿಯಂ ಕೂಡ ಆಗಿರುವುದರಿಂದ ಅಳಿಯ ಸುಳ್ಳು ಹೇಳಿದನೆನ್ನುವ ಹಾಗಿಲ್ಲ.

ಮರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಒಂದು ತಾಮ್ರದ ತೊಟ್ಟಿ. ಅಟ್ಟದ ತುಂಬ ಹರಡಿಕೊಂಡಷ್ಟು ಅಗಲ, ಆಳ ಮಾತ್ರ ಮೊಣಕಾಲಿಗೂ ಬಾರದಷ್ಟು. ಬಾರ್ಲಿ ಮೊಳಕೆಗೆ ಮೂರನೆಯ ಒಂದು ಪಾಲಿನಷ್ಟು ಹಸಿ ಗೋಧಿ ಸೇರಿಸಿ ಗಂಟೆಗಟ್ಟಲೆ ಕುದಿಸಿದ ರಸವನ್ನು ಇಲ್ಲಿಗೆ ಬಿಡುತ್ತಾರೆ. ಸೂರಿನ ಸಂದಿಗಳು ತೆರೆದೇ ಇರುತ್ತವೆ. ರಾತ್ರಿಯೆಲ್ಲ ಗಾಳಿ ಆಡುತ್ತದೆ. ಗಾಳಿಯಲ್ಲಿ, ಮರದ ತೊಲೆಗಳಲ್ಲಿ, ಆಮೇಲೆ ತುಂಬಿಡುವ ಓಕ್ ಪೀಪಾಯಿಗಳಲ್ಲಿ ಮನೆಮಾಡಿಕೊಂಡ ಕಾಡು ಯೀಸ್ಟು, ಬ್ಯಾಕ್ಟೀರಿಯಾಗಳೇ ಮುಂದಿನ ಕೆಲಸ ಮಾಡಬೇಕು. ಹೆಪ್ಪೆಂದು ಯಾರೂ ಏನನ್ನೂ ಹಾಕುವುದಿಲ್ಲ. ಹೀಗೆ ಆದದ್ದು ಲಾಂಬಿಕ್ ಎಂಬ ಹುಳಿ ಬಿಯರ್.

ಪೀಪಾಯಿಗಳ ಸಾಲಿನಲ್ಲಿ ಜೇಡರ ಬಲೆ ಯಥೇಚ್ಛ. ಗುಡಿಸುವ ಹಾಗಿಲ್ಲವಂತೆ. ಬಿಯರಿಗೆ ಹಾಕುವ ಹಣ್ಣಿನ ವಾಸನೆಗೆ ಮುತ್ತುವ ನೊಣಗಳನ್ನು ಜೇಡ ಹಿಡಿಯುತ್ತದೆ, ಹಾಗಾಗಿ ಅದೂ ಅಲ್ಲಿನ ಕೆಲಸಗಾರ. ಜೊತೆಗೆ ಬಂದಿದ್ದ ನಮ್ಮ ಮನೆಯವರು ಅದನ್ನು ನೋಡಿ, “ನಮ್ಮ ಹಿತ್ತಲ ಕೋಣೇನೂ ಮ್ಯೂಸಿಯಂ ಮಾಡಬಹುದಿತ್ತು” ಎಂದರು.

ಕೇಳುತ್ತ ಹೋದಂತೆ ನನಗೆ ಇದು ಗೊತ್ತಿರುವ ಸಂಗತಿಯೇ ಅನಿಸಿತು. ನಮ್ಮ ಹೊಳೆ ವೇದಾವತಿಯ ದಂಡೆಯ ಈಚಲು ಮರಕ್ಕೆ ಸಂಜೆ ಕೆತ್ತಿ ಮಡಕೆ ಕಟ್ಟಿದರೆ ಬೆಳಗಿನ ಜಾವ ಸಿಹಿ ನೀರಾ. ಬಿಸಿಲೇರಿದರೆ ಅದೇ ಹೆಂಡ. ಇಳಿಹೊತ್ತಿಗೆ ಕಣ್ಣು ಕಿರಿದಾಗುವಷ್ಟು ಹುಳಿ. ಅಲ್ಲಿಯೂ ಹೆಪ್ಪು ಹಾಕಿದವರಿಲ್ಲ. ಕೆಲಸವೆಲ್ಲ ಗಾಳಿಯದು, ಮಡಕೆಯದು, ಮರದ್ದು. ವ್ಯತ್ಯಾಸವೆಂದರೆ ಈಚಲಿನದು ಒಂದು ಹಗಲಿನ ಬಾಳು, ಲಾಂಬಿಕ್ಕಿನದು ಮೂರು ವರ್ಷದವರೆಗಿನ ಬಾಳು. ಇನ್ನೊಂದು ವ್ಯತ್ಯಾಸ ಸರ್ಕಾರದ್ದು. ಯುನೆಸ್ಕೋ 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಈಚಲು ಹೆಂಡ ಸೇರಿದ್ದು ಅಬಕಾರಿಯವರ ಪಟ್ಟಿಗೆ.

ಹೊಳೆಯ ವಿಚಾರದಲ್ಲಿ ಮಾತ್ರ ನಾವೇ ವಾಸಿ. ಲಾಂಬಿಕ್ ಸೀಮೆಯ ಸೆನ್ ನದಿಯನ್ನು ಬ್ರಸೆಲ್ಸಿನವರು 19ನೇ ಶತಮಾನದಲ್ಲೇ ಊರೊಳಗೆ ಕಮಾನು ಕಟ್ಟಿ ಮುಚ್ಚಿಬಿಟ್ಟರು. ನಾವು ನಮ್ಮ ಹೊಳೆಗೆ ಮಾರಿಕಣಿವೆಯಲ್ಲಿ 1907ರ ಹೊತ್ತಿಗೆ ಕಟ್ಟೆ ಕಟ್ಟಿ, ಅದು 1933ರ ನಂತರ 2022ರಲ್ಲಿ ಕೋಡಿ ಬೀಳುವುದನ್ನು ಕಾದು ಕುಳಿತಿದ್ದೆವು. ಕಾಯುವ ವಿಚಾರದಲ್ಲಿ ಲಾಂಬಿಕ್ಕಿನವರು ನಮಗೆ ಹೇಳಿಕೊಡಬೇಕಾದ್ದಿಲ್ಲ.

ಕೊನೆಗೆ ಮೇಜಿಗೆ ಕೂತೆವು. ಮಾವ ಅಳಿಯ ಎದುರುಬದುರು ಕೂತು ಗ್ಲಾಸು ಎತ್ತುವುದು ನಮ್ಮೂರು ಬಬ್ಬೂರಿನಲ್ಲಾಗಿದ್ದರೆ ಸಂಜೆಯೊಳಗೆ ಹಿರಿಯೂರು ಬಸ್‌ಸ್ಟ್ಯಾಂಡಿಗೆ ಸುದ್ದಿ ಮುಟ್ಟುತ್ತಿತ್ತು. ಅಳಿಯನಿಗೂ ಮುಜುಗರವೇ. “ಮಾವ, ಇದನ್ನ ಬಿಯರ್ ಅನ್ಕೋಬೇಡಿ, ಹಣ್ಣಿನ ರಸ ಅನ್ಕೊಳ್ಳಿ” ಎಂದು ಬೇರೆ ಕಡೆ ನೋಡುತ್ತ ಬಗ್ಗಿಸಿದ. ಅದು ಕ್ರೀಕ್, ಹುಳಿ ಚೆರ್ರಿಯದು. ಲೀಟರಿಗೆ ಸುಮಾರು 200 ಗ್ರಾಂ ಇಡೀ ಹಣ್ಣು, ಓಟೆ ಸಮೇತ, ತಿಂಗಳುಗಟ್ಟಲೆ ಲಾಂಬಿಕ್ಕಿನಲ್ಲಿ ನೆನೆಯುತ್ತದೆ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟೇ ತಿಂದು ಮುಗಿಸುವುದರಿಂದ ಉಳಿಯುವುದು ಬಣ್ಣ, ಪರಿಮಳ, ಹುಳಿ, ಮತ್ತು ಓಟೆಯಿಂದ ಇಳಿದ ತುಸು ಬಾದಾಮಿ ವಾಸನೆ. ಮೂಗಿಗೆ ಮೊದಲು ಬಂದದ್ದು ಮಳೆಯಲ್ಲಿ ನೆಂದ ಎತ್ತಿನ ಗೋಣಿತಾಟಿನ ವಾಸನೆ. ಸುತ್ತ ಕೂತವರು ಅದನ್ನು ಬಲು ಗೌರವದಿಂದ ಮೂಸುತ್ತಿದ್ದರು. ಕಾಡು ಯೀಸ್ಟಿನ ಗುಣವೇ ಅದಂತೆ. ಬಾಯಿಗೆ ಹೋದ ಮೇಲೆ ಕೆನ್ನೆಯ ಒಳಗಡೆ ಜುಮ್ಮೆಂದಿತು. ಎರಡನೇ ಗುಟುಕಿಗೆ ನಾಲಿಗೆ ಅದನ್ನು ಗುರುತು ಹಿಡಿಯಿತು. ಮೂರನೆಯದಕ್ಕೆ ನಾನು ಅಳಿಯನನ್ನು ಮರೆತೆ.

ನಮ್ಮ ಮನೆಯವರು ಒಂದು ಹನಿ ತುಟಿಗೆ ಮುಟ್ಟಿಸಿ, “ಇದಕ್ಕೊಂದು ಅಚ್ಚು ಬೆಲ್ಲ ಹಾಕಬೇಕಿತ್ತು” ಎಂದರು. ನಗುವ ಮಾತಲ್ಲ ಅದು. ಲಾಂಬಿಕ್ಕಿಗೆ ಸಕ್ಕರೆ ಬೆರೆಸಿದ್ದಕ್ಕೆ ಫಾರೋ ಎಂಬ ಹೆಸರೇ ಇದೆ. ಹಿಂದಿನ ಕಾಲದ ಹೋಟೆಲುಗಳಲ್ಲಿ ಗ್ಲಾಸಿನ ಜೊತೆ ಸಕ್ಕರೆ ಗಟ್ಟಿಯನ್ನೂ, ಅದನ್ನು ಒಳಗೇ ಕುಟ್ಟಿ ಕದಡಲು ಒಂದು ಕುಟ್ಟಾಣಿಯನ್ನೂ ಕೊಡುತ್ತಿದ್ದರಂತೆ. ಹೆಂಗಸರ ಬುದ್ಧಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಬೆಲ್ಜಿಯಂ ತಾನಾಗಿಯೇ ತಳ್ಳಿಹಾಕಿತು.

ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಈ ಸಿಹಿ ಪೈಕಿಯೇ. ಲಿಂಡೆಮಾನ್ಸ್ ಫ್ರಾಂಬ್ವಾಜ್ ಎಂಬ ರಾಸ್ಪ್‌ಬೆರಿಯದರಲ್ಲಿ ಅಮಲು ಶೇಕಡ 2.5 ಮಾತ್ರ, ನೆಂಟರೆದುರು ಕುಡಿದರೂ ಮರ್ಯಾದೆಗೆ ಧಕ್ಕೆಯಿಲ್ಲ. ಪೀಚು, ಕಪ್ಪು ದ್ರಾಕ್ಷಿಯ ಹಾಗಿರುವ ಕಸ್ಸೀಸು ಎಲ್ಲವೂ ಸಿಗುತ್ತವೆ. ನನ್ನ ತೀರ್ಪು ಕೇಳಿದರೆ, ಅವು ಜಾತ್ರೆಯ ಶರಬತ್ತು, ಖುಷಿಗೆ ಸರಿ. ಒಂದು, ಎರಡು, ಮೂರು ವರ್ಷದ ಲಾಂಬಿಕ್ ಬೆರೆಸಿ ಬಾಟಲಿಯಲ್ಲೇ ನೊರೆಗಟ್ಟಿಸಿದ ಗ್ಯೂಜ್ ದೊಡ್ಡವರ ಪಾನೀಯ. ಅವೆರಡರ ನಡುವೆ ನಿಲ್ಲುವ ಸಕ್ಕರೆಯಿಲ್ಲದ ಕ್ರೀಕ್ ನನ್ನದು.

ಊರಿಗೆ ಬಂದ ಮೇಲೆ ಬಬ್ಬೂರು ಫಾರಂ ದಾಟಿ ಹೋಗುವಾಗಲೆಲ್ಲ ನನಗೊಂದು ಯೋಚನೆ. ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ಹಾಕಿದವರನ್ನು ಕೇಳಿ: ಬಿಸಿಲಲ್ಲಿ ಒಣಗಿ ನಿಂತ ಗಿಡಕ್ಕೆ ಒಮ್ಮೆಲೇ ಮಳೆ ಹೊಡೆದರೆ ಹಣ್ಣು ಬಿರಿಯುತ್ತದೆ. ಒಳಗಿನ ಕಾಳು ಕೆಂಪಗೆ, ರುಚಿಯಾಗಿಯೇ ಇರುತ್ತದೆ. ಆದರೆ ಬಾಕ್ಸಿಗೆ ಹಾಕುವಂತಿಲ್ಲ, ವ್ಯಾಪಾರಿ ಕಣ್ಣೆತ್ತಿಯೂ ನೋಡುವುದಿಲ್ಲ. ಬದುವಿನ ಮೇಲೆ ರಾಶಿ ಬಿದ್ದು ಇರುವೆ ಪಾಲು. ಬಣ್ಣವಿದೆ, ಹುಳಿಯಿದೆ, ಒಗರಿದೆ. ಚೆರ್ರಿಗೆ ಇರುವುದೆಲ್ಲ ಇದಕ್ಕೂ ಇದೆ. ಲಾಂಬಿಕ್ಕನ್ನೇ ಇಲ್ಲಿ ಮಾಡುವುದು ಆಗದ ಮಾತು. ಬೆಲ್ಜಿಯಂನವರೇ ಅದನ್ನು ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಮಾಡುತ್ತಾರೆ, ನಮ್ಮ ಡಿಸೆಂಬರಿನ ರಾತ್ರಿಯೂ ಆ ತೊಟ್ಟಿಗೆ ಸೆಕೆಯೇ. ಆದರೆ ಹಣ್ಣು ನೆನೆಹಾಕುವುದಕ್ಕೆ ಚಳಿ ಬೇಕಿಲ್ಲ. ಬೆಂಗಳೂರಿನಲ್ಲಿ ಬಿಯರ್ ತಾವೇ ಮಾಡಿ ಮಾರುವ ಹೋಟೆಲಿನವರು ಮಾವಿನ ಕಾಲದಲ್ಲಿ ಮಾವಿನ ಬಿಯರ್ ಮಾಡುತ್ತಾರಲ್ಲ, ಅವರಲ್ಲಿ ನನ್ನದೊಂದು ಕೋರಿಕೆ. ಹಿರಿಯೂರು ನಿಮಗೆ ಸುಮಾರು 160 ಕಿಲೋಮೀಟರ್, ಹೆದ್ದಾರಿಯಲ್ಲೇ ಇದೆ. ಮುಂಗಾರು ಶುರುವಾದ ಮೇಲೆ ಒಂದು ಟೆಂಪೋ ಕಳಿಸಿ, ಒಡೆದ ದಾಳಿಂಬೆ ಕೇಳಿ ನೋಡಿ. ರೇಟು ಹೆಚ್ಚು ಹೇಳುವುದಿಲ್ಲ.