ತಗ್ಗಿ ಬಗ್ಗಿ ನಡೆಯುವ ಕಾರು

ಸಿರಾದ ಹೆದ್ದಾರಿಯಲ್ಲಿ, ಮಧುಗಿರಿಯ ಏಕಶಿಲಾ ಬೆಟ್ಟದ ನೆರಳಿನಲ್ಲಿ, ಕೊರಟಗೆರೆಯ ಚಹದಂಗಡಿಯ ಮುಂದೆ, ಶನಿವಾರವಾದರೆ ಪಾವಗಡದ ಶನಿಮಹಾತ್ಮನ ಗುಡಿಯ ಬೀದಿಯಲ್ಲಿ ತಮಗೆ ಕಾಣಸಿಗಬಹುದಾದ ಈ ತರುಣನನ್ನು ಗುರುತಿಸುವುದಕ್ಕೆ ಅವನ ಮುಖವನ್ನು ನೋಡಬೇಕಾದ ಅಗತ್ಯವಿಲ್ಲ. ಕಾರಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಿಮ್ಮ ಹೆಬ್ಬೆರಳು ತೂರದೆಹೋದರೆ ಆತನೇ ಈತನೆಂದು ತಿಳಿಯತಕ್ಕದ್ದು. ತಗ್ಗಿ ಬಗ್ಗಿ ನಡೆ ಎಂದು ಮನೆಯ ಹಿರಿಯರು ಬಾಲ್ಯದಿಂದಲೂ ಹೇಳುತ್ತ ಬಂದ ಬುದ್ಧಿವಾದವನ್ನು ಈತ ಅಕ್ಷರಶಃ ಶಿರಸಾವಹಿಸಿದ್ದಾನೆ. ಪಾಲಿಸುವ ಹೊರೆಯನ್ನು ಮಾತ್ರ ಕಾರಿಗೆ ವಹಿಸಿದ್ದಾನೆ.

ಕಾರಾದರೂ ಎಂಥದು? 1983ರ ಡಿಸೆಂಬರಿನಲ್ಲಿ ಮೊದಲ ಕಾರಿನ ಬೀಗದ ಕೈಯನ್ನು ಇಂದಿರಾ ಗಾಂಧಿಯವರು ಗ್ರಾಹಕನ ಕೈಗಿತ್ತಂದಿನಿಂದ 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ದೇಶದ ಮಧ್ಯಮವರ್ಗವನ್ನು ಮದುವೆ ಮುಂಜಿಗಳಿಗೆ ಹೊತ್ತು ತಿರುಗಿದ ಮಾರುತಿ 800. ಅದೂ ಮೂರು ಕೈ ದಾಟಿ, ಎರಡು ಬಾರಿ ಬಣ್ಣ ಬದಲಿಸಿಕೊಂಡು ಬಂದದ್ದು. ಇಂತಹ ಸಾಧುಪ್ರಾಣಿಯನ್ನು ನೆಲಕ್ಕೆ ಹತ್ತಿಸಬೇಕೆಂಬ ಪ್ರೇರಣೆ ಎಲ್ಲಿಂದ ಬಂತೆಂದು ಕೇಳಿದರೆ ಈತ ಏಕ್‌ದಂ ಲಾಸ್ ಏಂಜಲೀಸಿಗೆ ಜಿಗಿಯುತ್ತಾನೆ. ಅಲ್ಲಿಯ ಮೆಕ್ಸಿಕನ್ ಮೂಲದ ಹುಡುಗರು ಮಹಾಯುದ್ಧದ ಆಸುಪಾಸಿನಲ್ಲಿಯೇ ಹಳೆಯ ಕಾರುಗಳ ಡಿಕ್ಕಿಯಲ್ಲಿ ಮರಳಿನ ಮೂಟೆಗಳನ್ನಿಟ್ಟು ಅವುಗಳ ಬೆನ್ನು ತಗ್ಗಿಸಿದರೆಂದೂ, ಅದು ಸಾಲದೆ ಸ್ಪ್ರಿಂಗುಗಳನ್ನೇ ಕಡಿದರೆಂದೂ, ಚಕ್ರದ ರಿಮ್ಮಿನ ಅಂಚಿಗಿಂತ ಕೆಳಕ್ಕೆ ಕಾರಿನ ಯಾವ ಅಂಗವೂ ಇಳಿಯಕೂಡದೆಂದು 1958ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕಾನೂನು ಬಂದಾಗ, ರಾನ್ ಅಗೀರೆ ಎಂಬಾತ ಹೈಡ್ರಾಲಿಕ್ ಪಂಪು ಜೋಡಿಸಿ, ಪೊಲೀಸರನ್ನು ಕಂಡರೆ ಎದ್ದು ನಿಲ್ಲುವ, ಅವರು ಮರೆಯಾದರೆ ಕುಳಿತುಕೊಳ್ಳುವ ಕಾರನ್ನು ಸಿದ್ಧಪಡಿಸಿದನೆಂದೂ ಆತ ಹೇಳುವಾಗ, ಪುರಾಣ ಹೇಳುವವರ ತನ್ಮಯತೆ ಆ ಮುಖದಲ್ಲಿ ಕಾಣುತ್ತದೆ. ನನಗಾದರೋ ಮರಳಿನ ಮೂಟೆಯ ಪ್ರಸ್ತಾಪದಲ್ಲಿಯೇ ನಗೆ ಬಂದಿತ್ತು. ಪಾವಗಡದ ಸಂತೆಯಿಂದ ಶೇಂಗಾ ಮೂಟೆ ಹೇರಿಕೊಂಡು, ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಒಂದೇ ಕಾರಿನಲ್ಲಿ ಒಂಬತ್ತು ಮಂದಿ ನೆಂಟರನ್ನು ತುರುಕಿಕೊಂಡು, ನಾವು ಈ ವಿದ್ಯೆಯನ್ನು ಬಹುಕಾಲದಿಂದ ದಮ್ಮಡಿ ಖರ್ಚಿಲ್ಲದೆ ಸಾಧಿಸುತ್ತ ಬಂದಿದ್ದೇವೆ. ಅದಕ್ಕೆ ಶೈಲಿಯೆಂದು ಹೆಸರಿಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ, ಅಷ್ಟೆ.

ಪಂಪಿಗೆ ಹಣವಿಲ್ಲ, ಗಿಡ್ಡ ಸ್ಪ್ರಿಂಗುಗಳ ಹೊಸ ಸೆಟ್ಟಿಗೂ ಇಲ್ಲ. ಇರುವುದು ಎಂಟುನೂರು ರೂಪಾಯಿ, ಬಿರಿಯಾನಿಯ ಮೇಲೆ ಒಲವುಳ್ಳ ಒಬ್ಬ ಮೆಕಾನಿಕ್ಕು, ಮತ್ತು ಅವನ ಗ್ರೈಂಡರು. ಆ ಶಸ್ತ್ರಕ್ರಿಯೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಂಗೆಯ ಮರದಡಿ ಜಾಕಿನ ಮೇಲೆ ನಿಂತ ಕಾರು, ಚಾಪೆಯ ಮೇಲೆ ಮಲಗಿಸಿದ ಸ್ಪ್ರಿಂಗು, ಅದರ ಮೇಲೆ ಸೀಮೆಸುಣ್ಣದ ಗೆರೆ. “ಒಂದು ಸುತ್ತು ಸಾಕಲ್ವೇನಣ್ಣ?” ಎಂದು ಮೆಕಾನಿಕ್ಕು ವಿವೇಕದ ಮಾತನ್ನಾಡಿದರೆ, “ಒಂದೂವರೆ ಎಗರಿಸಿಬಿಡು, ಲುಕ್ಕು ಬರಬೇಕು” ಎಂದು ಈತ ಅಪ್ಪಣೆಯಿತ್ತನು. ಕಿಡಿಗಳು ಹಾರಿದವು, ಉಕ್ಕಿನ ಬಳೆ ಠಣ್ಣೆಂದು ನೆಲಕ್ಕೆ ಬಿತ್ತು, ಆತ ಅದನ್ನು ಕರವಸ್ತ್ರದಲ್ಲಿ ಸುತ್ತಿ ಪ್ರಸಾದದಂತೆ ಮನೆಗೊಯ್ದನು.

ಕಡಿದ ಸ್ಪ್ರಿಂಗಿನ ಸ್ವಭಾವ ಮೆಕಾನಿಕ್ಕಿಗೆ ತಿಳಿಯದೆ ಇರಲಿಲ್ಲ, ಕೇಳುವವರಿರಲಿಲ್ಲ. ಸುತ್ತು ಕಡಮೆಯಾದಷ್ಟೂ ಸ್ಪ್ರಿಂಗು ಗಡುಸಾಗುತ್ತದೆ. ಆರರಲ್ಲಿ ಒಂದು ಹೋದರೆ ಉಳಿದ ಐದರ ಬಿಗುವು ಐದನೆಯ ಒಂದಂಶದಷ್ಟು ಏರುತ್ತದೆ. ಅವಿಭಕ್ತ ಕುಟುಂಬದಿಂದ ಒಬ್ಬ ತಮ್ಮ ಪಾಲು ತೆಗೆದುಕೊಂಡು ಹೊರಟ ಮೇಲೆ ಉಳಿದ ಅಣ್ಣಂದಿರ ಮುಖ ಹೇಗಿರುತ್ತದೆಯೋ ಹಾಗೆ. ಮೇಲಾಗಿ, ತುಂಡಾದ ತುದಿ ತನ್ನ ಪೀಠದ ಮೇಲೆ ನೆಮ್ಮದಿಯಾಗಿ ಕೂರದೆ, ಸ್ಟೇರಿಂಗು ತಿರುಗಿಸಿದಾಗಲೆಲ್ಲ ಟಕ್ಕೆಂದು ಆಕ್ಷೇಪವೆತ್ತುತ್ತದೆ. ಟೈರುಗಳು ಒಳಮಗ್ಗುಲಲ್ಲಿಯೇ ಸವೆಯತೊಡಗುತ್ತವೆ. ಎಂಟುನೂರರಲ್ಲಿ ಮುಗಿದ ಕೆಲಸಕ್ಕೆ ಟೈರಿನಂಗಡಿಯವನು ಕಂತುಕಂತಾಗಿ ಬಡ್ಡಿ ವಸೂಲು ಮಾಡುವುದು ಹೀಗೆ.

ಆದರೂ ಸಿದ್ದರಬೆಟ್ಟಕ್ಕೆ ತಾಯಿಯನ್ನೂ ಸೋದರತ್ತೆಯನ್ನೂ ಕರೆದೊಯ್ಯುವಾಗ ಆತನ ಠೀವಿಯನ್ನು ನೋಡಬೇಕು. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಆದುದರಿಂದ ಈ ಭಾಗವನ್ನು ಬೆನ್ನುಮೂಳೆಯ ಸಾಕ್ಷ್ಯದೊಡನೆ ಬರೆಯುತ್ತಿದ್ದೇನೆ. ರಸ್ತೆಯ ಉಬ್ಬು ಹತ್ತು ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು ವಿಧಿಸಿದೆಯಷ್ಟೆ. ನಮ್ಮ ಹಳ್ಳಿಗಳ ಹಂಪುಗಳಾದರೋ ಯಾರದೋ ಕುರಿ ಲಾರಿಗೆ ಸಿಕ್ಕ ಮರುರಾತ್ರಿ ಸಿಟ್ಟಿನಲ್ಲಿ ಹುಟ್ಟಿದಂಥವು. ಅಂತಹ ಪ್ರತಿಯೊಂದರ ಮುಂದೆಯೂ ಕಾರು ನಿಲ್ಲುತ್ತದೆ. ತಾಯಿ ಇಳಿಯುತ್ತಾರೆ, ಅತ್ತೆ ಇಳಿಯುತ್ತಾರೆ, ನಾನು ಇಳಿಯುತ್ತೇನೆ, ತಂಬಿಟ್ಟಿನ ಡಬ್ಬವೂ ಇಳಿಯುತ್ತದೆ. ಆತ ಒಂದು ಚಕ್ರವನ್ನು ಮೊದಲು, ಮತ್ತೊಂದನ್ನು ಆಮೇಲೆ, ಓರೆಯಾಗಿ, ಮದುವೆಯ ಹೆಣ್ಣು ಹೊಸಿಲು ದಾಟುವ ಸಂಕೋಚದಿಂದ ದಾಟಿಸುತ್ತಾನೆ. ನಾವು ಮರಳಿ ಏರುತ್ತೇವೆ. ಮೂರನೆಯ ಹಂಪಿನಲ್ಲಿ ಕುರಿ ಮೇಯಿಸುತ್ತಿದ್ದ ವೃದ್ಧರೊಬ್ಬರು ಕೋಲೂರಿ ನಿಂತು, “ಯಾಕಪ್ಪ, ಗಾಡಿ ಕುಸಿದೈತಲ್ಲ?” ಎಂದರು.

“ಇಲ್ಲ ತಾತ, ಲೋ ಮಾಡ್ಸಿದೀನಿ.”

“ಲೋನು ಮಾಡ್ಸಿದೀಯ? ಅದಕ್ಕೇ ಮತ್ತೆ!” ಎಂದು ತಾತ ಕರುಣೆಯಿಂದ ತಲೆಯಾಡಿಸಿದರು.

ತೋವಿನಕೆರೆಯ ಕಡೆಗೆ ಇನ್ನಷ್ಟು ದೂರ ಹೋದಾಗ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಹಾದುಹೋಗುವ ಚಕ್ರಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವುದು ಆ ಸೀಮೆಯ ರೈತರು ವಾಹನಯುಗಕ್ಕೆ ಕೊಟ್ಟ ಉತ್ತರ. ಇತರ ಕಾರುಗಳು ತುಳಿದು ಹೋಗುತ್ತವೆ. ನಮ್ಮದು ಹೊಟ್ಟೆಯಿಂದ ಗುಡಿಸಿಕೊಂಡು ಹೋಯಿತು. ಬಳ್ಳಿ ಆಕ್ಸಲಿಗೆ ಸುತ್ತಿ, ಸೈಲೆನ್ಸರಿನ ಬಿಸಿಗೆ ಹೊಗೆಯಾಡತೊಡಗಿದಾಗ, ತರುಣನು ಬಿಳಿಯ ಅಂಗಿಯಲ್ಲಿಯೇ ಅಂಗಾತ ಮಲಗಿ ಕಾರಿನಡಿಗೆ ತೂರಲೆತ್ನಿಸಿದನು. ತೂರುವಷ್ಟು ಜಾಗವನ್ನು ತಾನೇ ಉಳಿಸಿರಲಿಲ್ಲ. ರೈತನ ಹೆಂಡತಿ ಕುಡುಗೋಲು ತಂದು ಬಿಡಿಸಿಕೊಟ್ಟು, ಕಾಳು ಚೆನ್ನಾಗಿ ಉದುರಿದ್ದನ್ನು ಕಂಡು, “ಇನ್ನೊಂದ್ಸಲ ಹಿಂದಕ್ಕೂ ಬಂದು ಹೋಗಪ್ಪ” ಎಂದಳು.

ಬೆಟ್ಟದ ಬುಡದಲ್ಲಿ ಹೆಂಗಸರು ಮೆಟ್ಟಿಲೇರಿ, ಸಿದ್ದೇಶ್ವರನ ಗುಹೆಯ ತಣ್ಣೀರು ಕುಡಿದು, ಕೀಲುನೋವಿಗೆಂದು ಬೇರುನಾರು ಹಿಡಿದು ಬರುವವರೆಗೂ ಆತ ಬಂಪರಿಗೆ ತಂತಿ ಕಟ್ಟುತ್ತಿದ್ದನು. ಹೊತ್ತು ಹೋಗದೆ ನಾನು, ವಾಹನದ ಮೂಲರೂಪ ಕೆಡಿಸಿದವರಿಗೆ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆಯಲ್ಲವೆ ಎಂದು ಕೇಳಿದೆ. “ಸಾರ್, ಅದು ಹೊಸದಾಗಿ ಏನಾದರೂ ಸೇರಿಸಿದವರಿಗೆ; ನಾನು ಏನು ಸೇರಿಸಿದ್ದೇನೆ? ಕಳೆದಿದ್ದೇನೆ” ಎಂದನು. ಇಂತಹ ಮೀಮಾಂಸಕನನ್ನು ಯಾವ ನ್ಯಾಯಾಧೀಶರು ಹೇಗೆ ಎದುರಿಸಿಯಾರೋ ಕಾಣೆ.

ಕಳೆದ ತಿಂಗಳು, ಕಾರು ಮಾರಲೆಂದೋ ಏನೋ, ಕಡಿದ ಸುತ್ತುಗಳನ್ನು ಬೆಸುಗೆ ಹಾಕಿಸಬಹುದೆ ಎಂದು ಮೆಕಾನಿಕ್ಕನ್ನು ವಿಚಾರಿಸಿ, ಕಾದು ಹದಗೆಟ್ಟ ಉಕ್ಕು ಮರುದಿನವೇ ಮುರಿಯುತ್ತದೆ ಎಂಬ ಉತ್ತರ ಸಿಕ್ಕರೂ ನಂಬದೆ, ಆತ ಆ ಬಳೆಗಳನ್ನು ಹುಡುಕುತ್ತ ಅಡಿಗೆಯ ಮನೆಗೆ ಹೋದನು. ಒಂದು ಬಳೆ ಸಿಂಬೆಯಾಗಿ ಮಜ್ಜಿಗೆಯ ಗಡಿಗೆಯನ್ನು ಹೊತ್ತಿತ್ತು. ಇನ್ನೊಂದರ ಮೇಲೆ ಉಪ್ಪಿನಕಾಯಿಯ ಜಾಡಿ. ಆತ ಕೈಯಿಡಹೋದಾಗ ಗಡಿಗೆ ತುಸು ತೂಗಿ, ತುಳುಕದೆ, ಮೆಲ್ಲಗೆ ಸ್ವಸ್ಥಾನಕ್ಕೆ ಮರಳಿತು.

“ಅದನ್ನ ಮುಟ್ಟಬೇಡ” ಎಂದರು ತಾಯಿ, “ಚೆನ್ನಾಗಿ ಕೂತೈತೆ.”