ಬಾನೆಟ್ಟಿನ ತಲೆಹೊಟ್ಟು

ನ್ಯೂಜೆರ್ಸಿ ಸೇರಿದ ಕನ್ನಡಿಗನಿಗೆ ನಡುವಯಸ್ಸಿನಲ್ಲಿ ಹಿಡಿಯುವ ಹುಚ್ಚು ಎರಡು: ಕನ್ನಡ ಕೂಟದ ನಾಟಕ, ಇಲ್ಲವೇ ಹಳೇ ಸ್ಪೋರ್ಟ್ಸ್ ಕಾರು. ನಾಟಕದಲ್ಲಿ ನನಗೆ ಪಾತ್ರ ಸಿಗಲಿಲ್ಲ. ಹಾಗಾಗಿ 1986ರ ಜರ್ಮನ್ ಕಾರೊಂದು ನಮ್ಮ ಗ್ಯಾರೇಜಿಗೆ ಬಂತು. ಬಾನೆಟ್ ಎತ್ತಿದರೆ ಇಂಜಿನ್ ಮೇಲೆಲ್ಲ ಕರೀ ಪುಡಿ! ಸದ್ದು ಹೀರಲಿ, ಬಿಸಿಗೆ ಮೇಲಿನ ಪೇಂಟ್ ಕೆಡದಿರಲಿ ಎಂದು ಒಳಮೈಗೆ ಅಂಟಿಸಿದ್ದ ಫೋಮ್, ಇಷ್ಟು ವರ್ಷ ಕಾವು ಕುಡಿದು ತಲೆಹೊಟ್ಟಿನಂತೆ ಉದುರುತ್ತಿತ್ತು.

ಫೋಮ್ ಕೆರೆದರೆ ಬಂತು, ಹಳೇ ಅಂಟು ಬರಲೊಲ್ಲದು. ಪ್ಲಾಸ್ಟಿಕ್ ಸ್ಕ್ರೇಪರ್, ಐಸೊಪ್ರೊಪೈಲ್ ಆಲ್ಕೊಹಾಲ್, ನಡುನಡುವೆ ಅಚ್ಚಗನ್ನಡದ ಬೈಗುಳ. ಕತ್ತೆತ್ತಿ ಉಜ್ಜುತ್ತಿದ್ದವನನ್ನು ನೋಡಿ ಮನೆಯವಳು, “ಅಲ್ಲಾ ರೀ, ಫ್ಯಾನ್ ಒರೆಸಿ ಅಂದ್ರೆ ಕತ್ತು ನೋವು ಅಂತೀರಲ್ಲ?” ಅಂದಳು. ಬೈಗುಳಗಳ ಸದ್ದು ಹೀರುವ ಫೋಮ್ ಮಾತ್ರ ಇನ್ನೂ ಯಾರೂ ಮಾಡಿಲ್ಲ.

ಹೊಸ ಫೋಮ್ ಹಾಸಿಗೂ ಬಾನೆಟ್ಟಿಗೂ ಅಂಟು ಸ್ಪ್ರೇ ಮಾಡಿ, ಕೊಂಚ ಆರಿದ ಮೇಲೆ ಒತ್ತಬೇಕು. ಒಮ್ಮೆ ತಾಗಿತೋ, ಸರಿಸುವ ಮಾತೇ ಇಲ್ಲ. ಮೊದಲು ತಾಗಿದ್ದು ನನ್ನ ಮೀಸೆ.

ನೀವೂ ಕೈ ಹಾಕುವುದಾದರೆ ಬಿಸಿ ತಡೆಯುವ ಅಂಟನ್ನೇ ಕೊಳ್ಳಿ, ಸಾದಾ ಅಂಟು ಇಂಜಿನ್ ಕಾವಿಗೆ ಬಿಟ್ಟುಕೊಳ್ಳುತ್ತದೆ. ಮಾಸ್ಕ್ ಹಾಕಿ, ಮೀಸೆ ಒಳಗಿರಲಿ.