ಟಿಪ್ಪುವಿನ ರಿವಾಲ್ವರ್

ಹೆಗ್ಗನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಯಾರಾದರೂ "ನಮ್ ತಾತನ ಹತ್ರ ಟಿಪ್ಪು ಸುಲ್ತಾನನ ರಿವಾಲ್ವರ್ ಇತ್ತು ಸಾರ್" ಎಂದರೆ, ಬೈಟು ಟೀ ಕುಡಿಸಿ ಕಳಿಸಿಬಿಡಿ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಕೋಲ್ಟ್ ಮಹಾಶಯ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಸುಲ್ತಾನರು ಅಡ್ವಾನ್ಸ್ ಬುಕಿಂಗ್ ಮಾಡಿಸಿದ್ದರೆ ಮಾತು ಬೇರೆ.

ಪಿಸ್ತೂಲು ಅಂದರೆ ಮಾತ್ರ ಕಿವಿಗೊಡಿ. ಶ್ರೀರಂಗಪಟ್ಟಣದಲ್ಲಿ ತಯಾರಾದವುಗಳ ಮೇಲೆ ಹುಲಿಪಟ್ಟೆ ಇರುತ್ತದೆ, ಜತೆಗೆ ಟಿಪ್ಪುವೇ ಶುರುಮಾಡಿದ ಮೌಲೂದಿ ಇಸವಿ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1222 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1794. ಅವಸರಕ್ಕೆ ಎಡದಿಂದ ಓದಿದಿರೋ, 2221. ಮಾಲು ಇನ್ನೂ ತಯಾರೇ ಆಗಿಲ್ಲ!

ವೆಬ್ಲಿಯಂಥ ಬ್ರಿಟಿಷ್ ರಿವಾಲ್ವರಾದರೆ ಬಲ್ಲವರು ಪ್ರೂಫ್ (ಪರೀಕ್ಷೆಯ) ಮುದ್ರೆ, ಸೀರಿಯಲ್ ನಂಬರು ನೋಡುತ್ತಾರೆ. ಫ್ರೇಮಿನ ನಂಬರಿಗೂ ಸಿಲಿಂಡರಿನ ನಂಬರಿಗೂ ತಾಳೆಯಾಗದಿದ್ದರೆ, ಸಿಲಿಂಡರಿಗೆ ಅದು ಎರಡನೇ ಸಂಬಂಧ. ನಮ್ಮ ಏರಿಯಾದ ಲೇತ್ ಮೇಸ್ತ್ರಿಗೆ ಅಷ್ಟೆಲ್ಲ ಬೇಡ, ಸ್ಕ್ರೂ ಸಾಕು. "ಸ್ಟಾರ್ ಸ್ಕ್ರೂ ಹಾಕವ್ರಲ್ಲ ಸಾ, ಇದು 1915ರದ್ದಾ?" ಆ ನಮೂನೆಯ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಇನ್ನು, ಮಿಂಚಲಿ ಅಂತ ಬಫಿಂಗ್ ಮಾಡಿಸಿದರೆ ಮುದ್ರೆಯೂ ಹೋಯಿತು, ಬೆಲೆಯೂ ಹೋಯಿತು.

ಹಳೆಯದಕ್ಕೆ ಲೈಸೆನ್ಸ್ ಬೇಡ ಎಂಬ ಧೈರ್ಯವೂ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ. ಆದರೆ ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳನ್ನು ಇಟ್ಟುಕೊಂಡು, ರಿಪೇರಿಯಾಗದ ವಸ್ತು ಒಂದಿದೆ ಅಂತ ಹೆಗ್ಗನಹಳ್ಳಿಯಲ್ಲಿ ಯಾರು ಒಪ್ಪುತ್ತಾರೆ?